ಎಣಿಕೆ ಕೂಡುವ ತನಕ

ಆಸ್ಪತ್ರೆಯ ಮುಂಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆಯಲ್ಲಿ ಒಂದು ಕಪ್ಪು ಕಲ್ಲಿದೆ. ಸಾಂಕ್ರಾಮಿಕ ಬಂದ ವರ್ಷ ಸೇವೆಯಲ್ಲಿದ್ದಾಗಲೇ ಪ್ರಾಣ ಬಿಟ್ಟವರು ಮೂವರು ಎಂದು ಅದರ ಮೇಲೆ ಕೆತ್ತಿದ್ದಾರೆ. ಇಬ್ಬರು ಡಾಕ್ಟರು, ಒಬ್ಬ ನರ್ಸು. ಸತ್ತವರು ನಾಲ್ವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದೆಲ್ಲ ಇದರ ಸುತ್ತಲಿನದೇ.

ನಾನು ಆ ಆಸ್ಪತ್ರೆಗೆ ಸೇರಿದ ಕಾಲೇಜಿನ ಲೈಬ್ರರಿಯಲ್ಲಿದ್ದವಳು. ನಿವೃತ್ತಿಯಾಗುವ ತನಕ ದಿನಾ ಆ ಕಲ್ಲಿನ ಮುಂದೆಯೇ ನಡೆದು ಹೋಗಿದ್ದೇನೆ. ಒಂದು ದಿನವೂ ಎಣಿಸಲಿಲ್ಲ. ಪುಸ್ತಕ ಒಂದು ಕಡಿಮೆ ಬಂದರೆ ಇಡೀ ಕಪಾಟು ಇಳಿಸಿ ಹುಡುಕುತ್ತಿದ್ದವಳು ನಾನು.

ಹೋದ ವರ್ಷ ಹೊಟ್ಟೆಯ ಆಪರೇಷನ್ನಿಗೆಂದು ಅಲ್ಲೇ ಮಲಗಿದ್ದೆ. ಮೂರನೆಯ ದಿನ ಕನ್ನಡಕ ಕಾಣಲಿಲ್ಲ. ಬೆಡ್‌ಶೀಟಿನೊಳಗೆ ಸುತ್ತಿಕೊಂಡು ಲಾಂಡ್ರಿಗೆ ಹೋಗಿಬಿಟ್ಟಿತ್ತು. ಸಂಜೆ ಒಬ್ಬಳು ನಾಲ್ಕು ಮಹಡಿ ಹತ್ತಿ ಬಂದಳು. ಲಾಂಡ್ರಿಯವರು ಲಿಫ್ಟಿಗೆ ಕಾಲಿಡುವಂತಿಲ್ಲ. ಮುಂದಿನ ಮೆಟ್ಟಿಲೂ ಅವರದಲ್ಲ. ಹಿಂದುಗಡೆಯ ಕಬ್ಬಿಣದ ಮೆಟ್ಟಿಲನ್ನೇ ಹತ್ತಬೇಕು. ಏದುಸಿರು ಬಿಡುತ್ತಾ ಬಿಳಿ ಬಟ್ಟೆಯ ಚೂರೊಂದನ್ನು ಬಿಚ್ಚಿ ನನ್ನ ಕನ್ನಡಕ ಕೊಟ್ಟಳು. ಗಾಜು ಒರೆಸಿದ್ದಳು. ಸಡಿಲವಾಗಿದ್ದ ಕಡ್ಡಿಗೆ ದಾರ ಸುತ್ತಿ ಬಿಗಿ ಮಾಡಿದ್ದಳು. ಆ ಕಡ್ಡಿ ಎರಡು ವರ್ಷದಿಂದ ಸಡಿಲವಾಗಿತ್ತು. ನನ್ನ ಮನೆಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ.

ಅವಳ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು. ಉಗಿ ತಗುಲಿದ್ದಂತೆ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವಳು. ಎಲ್ಲರೂ ಬಾಯ್ಲರಕ್ಕ ಎನ್ನುತ್ತಾರೆ. ಹೋಗುವವಳು ಬಾಗಿಲಲ್ಲಿ ನಿಂತು ಕೇಳಿದಳು:

"ಅಮ್ಮಾ, ನೀವು ಓದಿದೋರು. ಫೋನಿನಲ್ಲಿ ತಪ್ಪು ಬರೆದಿದ್ರೆ ತಿದ್ದೋಕೆ ಬರುತ್ತಾ?"

ಹಾಗೆ ನಾನು ಲಾಂಡ್ರಿಗೆ ಹೋಗಲು ಶುರು ಮಾಡಿದೆ.

ಅದು ನೆಲಮಾಳಿಗೆ. ಕಿಟಕಿ ಇಲ್ಲ. ಮೇಲಿನ ವಾರ್ಡುಗಳಿಂದ ದಪ್ಪ ಕೊಳವೆಯೊಂದು ಇಳಿದು ಬರುತ್ತದೆ. ಅದರ ಬಾಯಿಂದ ಗಂಟು ಗಂಟಾಗಿ ಬಟ್ಟೆ ಬೀಳುತ್ತದೆ. ರಕ್ತ, ಕೀವು, ವಾಂತಿ, ಹೇಲು. ಇಪ್ಪತ್ತೆರಡು ಹೆಂಗಸರು ಅದನ್ನು ಬಿಚ್ಚುತ್ತಾರೆ. ರಕ್ತದ್ದು ಒಂದು ಕಡೆ, ಉಳಿದದ್ದು ಒಂದು ಕಡೆ. ರಕ್ತಕ್ಕೆ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಂಡು ಕೂರುತ್ತದೆ. ಶೀಟಿನ ಮಡಿಕೆಯಲ್ಲಿ ಸೂಜಿ ಇರುತ್ತದೆ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತ್ತಂತೆ. ಒಮ್ಮೆ ಒಂದು ಬೆರಳು. ಒಗೆಯುವ ಸೋಡಾದ ನೀರಿಗೆ ಅವರ ಅಂಗೈ ಬಿರಿದು ಗೆರೆಗಳೇ ಅಳಿಸಿ ಹೋಗಿವೆ. ಫೋನಿನ ಗಾಜು ಅವರ ಹೆಬ್ಬೆರಳನ್ನು ಗುರುತು ಹಿಡಿಯುವುದಿಲ್ಲ. ಇದನ್ನು ಹೇಳಿ ನಗುತ್ತಿದ್ದವಳು ಇಸ್ತ್ರಿ ರೋಲರಿನ ಹೆಂಗಸು. ಅವಳ ಬಾಯಿ ಮುಚ್ಚುವುದೇ ಇಲ್ಲ, ಆದ್ದರಿಂದ ಅವಳಿಗೆ ರೇಡಿಯೋ ಎಂದು ಹೆಸರು.

ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಪ್ರತಿ ಗಂಟಿಗೂ ಒಂದು ಚೀಟಿ. ಅದರಲ್ಲಿ ಎರಡು ಸಾಲು: ಬಂದದ್ದು ಎಷ್ಟು, ಬರೆದದ್ದು ಎಷ್ಟು. ಒಗೆದ ಬಟ್ಟೆ ಮೇಲೆ ಹೋದಾಗ ತೆಗೆದುಕೊಂಡವರು ಚೀಟಿಗೆ ಸಹಿ ಹಾಕಬೇಕು. ಸಹಿ ಇಲ್ಲದೆ ಒಂದು ಕರವಸ್ತ್ರವೂ ಕೈ ಬಿಡುವುದಿಲ್ಲ. ಸಂಜೆ ಇಡೀ ದಿನದ ಎಣಿಕೆ. ಒಂದು ದಿಂಬಿನ ಚೀಲ ಕಡಿಮೆ ಬಂದರೂ ಬಾಗಿಲು ತೆಗೆಯುವಂತಿಲ್ಲ. ಎಲ್ಲರೂ ಮತ್ತೆ ಎಣಿಸಬೇಕು. ಎಣಿಕೆ ಸರಿಹೋದ ಮೇಲೆ ಬಾಯ್ಲರಕ್ಕ "ಕೂಡ್ತು" ಅನ್ನುತ್ತಾಳೆ. ಆಮೇಲೆ ಮನೆಗೆ. ಬಟ್ಟೆ ಕದಿಯುತ್ತಾರೆಂದು ಮೇಲಿನವರು ಮಾಡಿದ ನಿಯಮ ಅದು.

ಬಾಯ್ಲರಕ್ಕನ ಅಕ್ಕ ಇದೇ ಲಾಂಡ್ರಿಯಲ್ಲಿ ಗಂಟು ಬಿಚ್ಚುವ ಕೆಲಸದಲ್ಲಿದ್ದವಳು. ಹನ್ನೊಂದು ವರ್ಷದ ಹಿಂದೆ ಸಾಂಕ್ರಾಮಿಕ ಬಂದಾಗ, ಮುಚ್ಚಿದ ವಾರ್ಡಿನ ಬಟ್ಟೆ ಎರಡು ಗಂಟು ಹಾಕಿಸಿಕೊಂಡು ಬೀಳುತ್ತಿತ್ತು. ಡಾಕ್ಟರಿಗೆ ಕೈಗವಸು ಇತ್ತು. ನರ್ಸಿಗೆ ಇತ್ತು. ಕೆಳಗೆ ಇರಲಿಲ್ಲ. ಕೇಳಿದರೆ, ನೀವು ರೋಗಿಯನ್ನು ಮುಟ್ಟುವುದಿಲ್ಲವಲ್ಲ ಎಂದರಂತೆ. ಮೂರು ವಾರ ಬರಿಗೈಯಲ್ಲಿ ಗಂಟು ಬಿಚ್ಚಿದಳು. ಜ್ವರ ಬಂತು. ಐದನೆಯ ದಿನ ಎರಡನೆಯ ಮಹಡಿಯ ಮೂಲೆಯ ಹಾಸಿಗೆಯಲ್ಲಿ ಸತ್ತಳು. ಅವಳು ಮಲಗಿದ್ದ ಶೀಟು ಕೊಳವೆಯಿಂದ ಕೆಳಗೆ ಬಿತ್ತು. ಚೀಟಿಯ ಮೇಲಿದ್ದ ಹಾಸಿಗೆಯ ಸಂಖ್ಯೆ ನೋಡಿ ತಂಗಿ ಅದನ್ನು ತಾನೇ ಎತ್ತಿಕೊಂಡಳು. ತಾನೇ ಒಗೆದಳು.

"ಅವತ್ತೂ ಎಣಿಕೆ ಕೂಡಿತ್ತಮ್ಮಾ," ಎಂದಳು. "ಬಟ್ಟೆದು."

ಹಾಜರಿ ಪುಸ್ತಕದಲ್ಲಿ ಆ ದಿನ ಅಕ್ಕನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿದೆ: ಹೇಳದೆ ಕೇಳದೆ ಗೈರು. ಅದೇ ಕಟ್ಟಡದಲ್ಲಿ, ಎರಡು ಮಹಡಿ ಮೇಲೆ, ಹೆಣವಾಗಿ ಮಲಗಿದ್ದವಳ ಮುಂದೆ. ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟು ಅವಳೇ ತೋರಿಸಿದಳು. ರೇಡಿಯೋ ಒಂದು ಲೋಟ ನೀರು ತಂದು ಕೊಟ್ಟಳು.

ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದು ಅಂತರ್ಜಾಲದಲ್ಲಿದೆ. ಅದರಲ್ಲಿ ಈ ಆಸ್ಪತ್ರೆಗೂ ಒಂದು ಪುಟ ಇದೆ. ಕಟ್ಟಿಸಿದವರು, ದಾನ ಕೊಟ್ಟವರು, ಡಾಕ್ಟರುಗಳು, ಎಲ್ಲರ ಚಿತ್ರ. ಲಾಂಡ್ರಿಯ ಬಾಯ್ಲರಿನ ಬಗ್ಗೆಯೂ ನಾಲ್ಕು ಸಾಲು: ಎಲ್ಲಿ ತಯಾರಾಯಿತು, ಎಷ್ಟು ತೂಕ, ಯಾವ ಹಡಗಿನಲ್ಲಿ ಬಂತು. ಅದನ್ನು ಉರಿಸಿದ ಹೆಂಗಸರ ಬಗ್ಗೆ ಅರ್ಧ ಸಾಲೂ ಇಲ್ಲ. ಸಾಂಕ್ರಾಮಿಕದಲ್ಲಿ ಸತ್ತವರು ಅಲ್ಲೂ ಮೂವರೇ.

ನಾನು ಹೋಗುವುದಕ್ಕೆ ಮೊದಲೇ ಅವರು ಅದನ್ನು ತಿದ್ದಲು ನೋಡಿದ್ದರು. ರೇಡಿಯೋಳ ಫೋನಿನಲ್ಲಿ, ಎಲ್ಲರೂ ಸುತ್ತ ನಿಂತು, ತಮಗೆ ಗೊತ್ತಿದ್ದ ರೀತಿಯಲ್ಲೇ ಬರೆದಿದ್ದರು: ಬಂದದ್ದು ನಾಲ್ಕು. ಬರೆದದ್ದು ಮೂರು. ಒಂದು ಕಡಿಮೆ. ಮತ್ತೆ ಎಣಿಸಿ.

ನಾಲ್ಕು ನಿಮಿಷದಲ್ಲಿ ಅಳಿಸಿ ಹೋಯಿತು. ಕಾರಣ: ಅರ್ಥವಿಲ್ಲದ ಬರಹ, ಕಿಡಿಗೇಡಿತನ.

"ನಮಗೆ ಒಂದು ಕಲೆ ತೆಗೆಯೋಕೆ ಅರ್ಧ ದಿನ ಬೇಕು," ಎಂದಳು ರೇಡಿಯೋ. "ಅಳಿಸಿದೋನ ಹತ್ರ ಅದೇನು ಸೋಪು ಇದೆಯೋ."

ನಾನು ಮತ್ತೆ ನೆಟ್ಟಗಿನ ವಾಕ್ಯದಲ್ಲಿ ಬರೆದು ನೋಡಿದೆ. ಅದನ್ನೂ ಅಳಿಸಿದರು. ಅಚ್ಚಾದ ಆಧಾರ ಬೇಕಂತೆ. ಅಲ್ಲಿನ ನಿಯಮ ನನಗೂ ತಿಳಿದಿರಲಿಲ್ಲ. ಕಲಿಸುವವರು ಬೇಕಿತ್ತು.

ಆಗಲೇ ಪತ್ರಿಕೆಯಲ್ಲಿ ಒಂದು ಪ್ರತಿಷ್ಠಾನದ ಜಾಹೀರಾತು ಕಂಡಿತು. ಅಂತರ್ಜಾಲದಲ್ಲಿ ಮಹಿಳೆಯರ ಪ್ರಾತಿನಿಧ್ಯ ಹೆಚ್ಚಿಸುವ ಸಮುದಾಯ ಕಾರ್ಯಾಗಾರಗಳಿಗೆ ಧನಸಹಾಯ. ನನಗೆ ಖುಷಿಯಾಯಿತು. ಇದು ನಮಗೇ ಹೇಳಿದ್ದು ಎಂದುಕೊಂಡೆ. ಎರಡು ದಿನಕ್ಕೆ ಆರು ಕಂಪ್ಯೂಟರು, ಒಬ್ಬ ಕಲಿಸುವವರು, ಕಿಟಕಿ ಇರುವ ಒಂದು ಕೋಣೆ. ಇಷ್ಟೇ ಕೇಳೋಣವೆಂದು ತೀರ್ಮಾನವಾಯಿತು. ಕಿಟಕಿ ಬೇಕೆಂದವಳು ಕೊಳವೆಯ ಬಾಯಿಯಲ್ಲಿ ಕೆಲಸ ಮಾಡುವ ಮುದುಕಿ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಕಾರ್ಯಾಗಾರದಿಂದ ಆಗುವ ಬದಲಾವಣೆಯನ್ನು ಹೇಗೆ ಅಳೆಯುತ್ತೀರಿ? ನಾನು ಒಂದು ಪುಟ ಬರೆದೆ. ಸಬಲೀಕರಣ, ಅರಿವು, ಸಹಭಾಗಿತ್ವ. ಬಾಯ್ಲರಕ್ಕ ಓದಿಸಿಕೊಂಡಳು.

"ಚೆನ್ನಾಗಿದೆ ಅಮ್ಮಾ. ಇದರಲ್ಲಿ ನನ್ನಕ್ಕ ಎಲ್ಲಿದಾಳೆ?"

ನಾನು ಅದನ್ನೆಲ್ಲ ಹೊಡೆದು ಹಾಕಿದೆ. ಅವಳು ಹೇಳಿದಂತೆ ಬರೆದೆ: ಮೂರು ನಾಲ್ಕಾಗಬೇಕು.

ಒಂದು ತಿಂಗಳಿಗೆ ಕರೆ ಬಂತು. ಬಾಯ್ಲರಕ್ಕ ಅರ್ಧ ದಿನದ ರಜೆ ಹಾಕಿದಳು. ಪ್ರತಿಷ್ಠಾನದ ಕಚೇರಿಯಲ್ಲಿ ಉದ್ದನೆಯ ಮೇಜು, ಬಿಳಿ ಮೇಜುಬಟ್ಟೆ. ಅವಳು ಕೂರುವ ಮೊದಲು ಅದರ ಅಂಚನ್ನು ಬೆರಳಲ್ಲಿ ತಿರುವಿ ನೋಡಿದಳು. "ಗಂಜಿ ಜಾಸ್ತಿ ಹಾಕಿದಾರೆ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಮೆತ್ತೆ ಇದ್ದ ಕುರ್ಚಿ ಇಟ್ಟಿದ್ದರು, ಅವಳಿಗೆ ಗೋಡೆ ಪಕ್ಕದ ಬೆಂಚು. ಅಲ್ಲಿನ ಟೈಪಿಸ್ಟ್ ಹೆಂಗಸು ಯಾರಿಗೂ ಏನೂ ಹೇಳದೆ ತನ್ನ ಕುರ್ಚಿಯನ್ನು ಬಾಯ್ಲರಕ್ಕನಿಗೆಂದು ಎಳೆದು ತಂದು ನನ್ನ ಪಕ್ಕ ಇಟ್ಟಳು. ತಾನು ನಿಂತೇ ಬರೆದುಕೊಂಡಳು. ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಧ್ಯಕ್ಷರು ಕೆಟ್ಟವರಂತೆ ಕಾಣಲಿಲ್ಲ. ನನ್ನನ್ನು ಮೇಡಂ ಎಂದರು. ಕಾಫಿ ತರಿಸಿದರು. ಅರ್ಜಿ ಬಹಳ ಹಿಡಿಸಿತು, ಒಂದೆರಡು ತಿದ್ದುಪಡಿ ಅಷ್ಟೇ ಎಂದರು. ಕಾರ್ಯಾಗಾರದಲ್ಲಿ ಸಾಧಕಿಯರ ಬಗ್ಗೆ ಬರೆಯಬೇಕು. ಪಟ್ಟಿ ಅವರೇ ಕೊಡುತ್ತಾರೆ. ಲಾಂಡ್ರಿಯ ಹೆಂಗಸರು ಕೂತು ನೋಡಿ ಸ್ಫೂರ್ತಿ ಪಡೆಯಲಿ. ಪಟ್ಟಿಯನ್ನು ನನ್ನ ಕಡೆ ತಳ್ಳಿದರು. ಹತ್ತು ಜನರಲ್ಲಿ ಮೂವರು ಆಸ್ಪತ್ರೆಯ ಟ್ರಸ್ಟಿಗಳ ಹೆಂಡಂದಿರು.

ನಮ್ಮ ಆ ಒಂದು ಸಾಲಿನ ವಿಷಯ ಕೇಳಿದೆ. ಅಧ್ಯಕ್ಷರು ಬಾಯ್ಲರಕ್ಕನ ಕಡೆ ಮೊದಲ ಸಲ ತಿರುಗಿದರು.

"ನೋಡಮ್ಮಾ, ಹನ್ನೊಂದು ವರ್ಷ ಆಯ್ತು. ಸತ್ತೋರ ಲೆಕ್ಕ ಈಗ ಯಾಕೆ? ಆ ಟ್ರಸ್ಟಿನೋರೇ ನಮ್ಮ ಪ್ರತಿಷ್ಠಾನಕ್ಕೂ ಆಧಾರ. ಅದೊಂದು ಬಿಟ್ಟುಬಿಡು. ಉಳಿದದ್ದೆಲ್ಲ ಮಂಜೂರು. ಕಿಟಕಿ ಇರೋ ಕೋಣೆನೂ."

ನಾನು ಬಾಯ್ಲರಕ್ಕನ ಕೈ ಮೇಲೆ ಕೈ ಇಟ್ಟೆ. ಈಗ ಒಪ್ಪಿಕೋ, ಕಲಿತ ಮೇಲೆ ಏನು ಬೇಕಾದರೂ ಬರೆಯಬಹುದು, ಆಮೇಲೆ ನೋಡೋಣ ಎಂದೆ. ನನ್ನ ವಯಸ್ಸಿನವರು ಹೀಗೆಯೇ ಮಾತಾಡುತ್ತೇವೆ. ಅದಕ್ಕೆ ಸಮಾಧಾನ ಎಂದು ಹೆಸರಿಟ್ಟುಕೊಂಡಿದ್ದೇವೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ.

"ಅಮ್ಮಾ, ಎಣಿಕೇಲಿ ಒಂದು ಕಡಿಮೆ ಬಂದಾಗ, ಆಮೇಲೆ ನೋಡೋಣ ಅಂತ ನಾನು ಯಾವತ್ತಾದ್ರೂ ಬಾಗಿಲು ತೆಗೆದಿದೀನಾ?"

ನನ್ನ ಕೈ ತಾನಾಗಿ ಹಿಂದೆ ಬಂತು.

ಅಷ್ಟರಲ್ಲಿ ಅಧ್ಯಕ್ಷರು ಕೊನೆಯದೊಂದು ವಿಷಯ ಹೇಳಿದರು. ವರದಿಗೆ ಒಂದು ಫೋಟೋ ಬೇಕು. ಹೆಂಗಸರು ಮಡಚಿದ ಶೀಟು ಹಿಡಿದುಕೊಂಡು, ನಗುತ್ತಾ ನಿಂತಿರುವುದು. "ಕೈ ಸ್ವಲ್ಪ ಚೆನ್ನಾಗಿ ಕಾಣಲ್ಲ, ತಪ್ಪು ತಿಳೀಬೇಡ. ಎಲ್ಲರಿಗೂ ಬಿಳಿ ಕೈಗವಸು ನಾವೇ ಕೊಡಿಸ್ತೀವಿ."

ಟೈಪಿಸ್ಟ್ ಬರೆಯುವುದನ್ನು ನಿಲ್ಲಿಸಿದಳು.

ಬಾಯ್ಲರಕ್ಕ ಎದ್ದಳು. ಎರಡೂ ಕೈಗಳನ್ನು ಬಿಳಿ ಮೇಜುಬಟ್ಟೆಯ ಮೇಲೆ ಇಟ್ಟಳು. ಬಿರಿದ ಅಂಗೈ ಮೇಲೆ ಮಾಡಿ.

"ಆವತ್ತು ಕೇಳಿದ್ವಿ ಕೈಗವಸು. ಒಂದು ಜೊತೆ. ನನ್ನಕ್ಕನಿಗೆ ಸಾಕಾಗ್ತಿತ್ತು. ಆವತ್ತು ಇಲ್ಲದ್ದು ಇವತ್ತು ಫೋಟೋಗೆ ಬಂತಾ ಸ್ವಾಮಿ?"

ಅಧ್ಯಕ್ಷರು ಅವಳನ್ನು ಕೂರುವಂತೆ ಹೇಳಿದರು. ಭಾವುಕಳಾಗಬೇಡ ಎಂದರು. ಅವಳು ಕೂರಲಿಲ್ಲ. ಅವರ ಮುಂದಿದ್ದ ಅರ್ಜಿಯನ್ನು ಎಳೆದುಕೊಂಡು ನಾಲ್ಕಾಗಿ ಮಡಚಿದಳು. ಶೀಟು ಮಡಚುವ ಹಾಗೆ, ಅಂಚಿಗೆ ಅಂಚು ಕೂಡಿಸಿ, ಉಗುರಿನಲ್ಲಿ ಗೆರೆ ಎಳೆದು.

"ನಿಮ್ಮ ಕಂಪ್ಯೂಟರು ಬೇಡ. ಕಿಟಕಿ ಬೇಡ. ನೀವು ಕೊಡೋದು ನಮ್ಮ ಬಾಯಿ ಮುಚ್ಚೋಕೆ. ನಮಗೆ ಬಾಯಿ ಇದೆ ಅನ್ನೋದು ನಿಮಗೆ ಇವತ್ತು ತಾನೇ ಗೊತ್ತಾಗಿದ್ದು."

ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದೆವು. ಯಾರು ಯಾರನ್ನು ಹಿಡಿದಿದ್ದರೋ ಹೇಳಲಾರೆ. ಕೆಳಗಿನ ಬಾಗಿಲಲ್ಲಿ ಟೈಪಿಸ್ಟ್ ಓಡಿ ಬಂದು ನಮ್ಮನ್ನು ನಿಲ್ಲಿಸಿದಳು. ಭಾನುವಾರ ತನಗೆ ಬಿಡುವು, ತನ್ನದೊಂದು ಲ್ಯಾಪ್‌ಟಾಪ್ ಇದೆ, ಆ ವಿಶ್ವಕೋಶದಲ್ಲಿ ಬರೆದು ಅಭ್ಯಾಸವೂ ಇದೆ ಎಂದಳು. ಎಲ್ಲಿಗೆ ಬರಲಿ ಎಂದು ಕೇಳಿದಳು.

ಕಾರ್ಯಾಗಾರ ಭಾನುವಾರ ಬಟ್ಟೆ ಒಣಹಾಕುವ ಅಂಗಳದಲ್ಲಿ ನಡೆಯಿತು. ತಂತಿಗಳ ಮೇಲೆ ಶೀಟುಗಳು ಹಾರಾಡುತ್ತಿದ್ದವು. ಕೊಳವೆಯ ಮುದುಕಿ ಸುತ್ತ ನೋಡಿ, ಕಿಟಕಿ ಕೇಳಿದ್ದೆ, ಇಡೀ ಆಕಾಶವೇ ಸಿಕ್ಕಿತು ಎಂದಳು. ಒಂದು ಲ್ಯಾಪ್‌ಟಾಪು, ಏಳು ಫೋನು. ಟೈಪಿಸ್ಟ್ ಸೋಪಿನ ಡಬ್ಬದ ಮೇಲೆ ಕೂತು ಕಲಿಸಿದಳು. ಕಾರಣ ಹೇಳದೆ ಅಳಿಸಿದರೆ ಎಲ್ಲಿ ಕೇಳಬೇಕು. ಆಧಾರ ಎಂದರೆ ಏನು. ಹಾಜರಿ ಪುಸ್ತಕದ ಕೆಂಪು ಸಾಲು ಸಾಕಾಗುವುದಿಲ್ಲ, ಅದು ಬೀರುವಿನಲ್ಲಿರುವುದು. ಹೊರಗೆ ಬಂದದ್ದು ಬೇಕು, ಅಚ್ಚಾದದ್ದು ಬೇಕು, ನಾಲ್ಕು ಜನ ನೋಡಿ ಹೌದು ಎಂದದ್ದು ಬೇಕು.

"ನೋಡಿ ಹೌದು ಅಂತ ಸಹಿ ಹಾಕಿದ್ರೆ?" ಎಂದಳು ಬಾಯ್ಲರಕ್ಕ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ಜೇಬಿನಿಂದ ಒಂದು ಖಾಲಿ ಎಣಿಕೆ ಚೀಟಿ ತೆಗೆದಳು.

ಸೋಮವಾರ ಬೆಳಿಗ್ಗೆ ಮೇಲೆ ಹೋದ ಪ್ರತಿ ಗಂಟಿನ ಚೀಟಿಯಲ್ಲೂ ಬಟ್ಟೆಯ ಲೆಕ್ಕದ ಕೆಳಗೆ ಇನ್ನೊಂದು ಸಾಲು ಇತ್ತು. ಇಪ್ಪತ್ತೆರಡು ಬಗೆಯ ಕೈಬರಹದಲ್ಲಿ: ಸಾಂಕ್ರಾಮಿಕದಲ್ಲಿ ಸತ್ತವರು ನಾಲ್ವರು. ಬರೆದದ್ದು ಮೂವರು. ನಾಲ್ಕನೆಯವಳು ಲಾಂಡ್ರಿಯವಳು. ಮತ್ತೆ ಎಣಿಸಿ.

ಸಹಿ ಇಲ್ಲದೆ ಬಟ್ಟೆ ಇಲ್ಲ. ಬಟ್ಟೆ ಇಲ್ಲದೆ ಆಪರೇಷನ್ ಇಲ್ಲ.

ಮೊದಲ ದಿನ ಹೆಚ್ಚಿನವರು ಓದದೆ ಸಹಿ ಹಾಕಿದರು. ಎರಡನೆಯ ದಿನ ಓದಿದರು. ಆ ವರ್ಷ ಎರಡನೆಯ ಮಹಡಿಯಲ್ಲಿದ್ದ, ಈಗ ಹೆರಿಗೆ ವಾರ್ಡಿನಲ್ಲಿರುವ ಹಿರಿಯ ನರ್ಸು ಓದಿ, ಸಹಿಯ ಪಕ್ಕ ಒಂದು ಮಾತು ಸೇರಿಸಿದಳು: ಹೌದು, ಅವಳ ಕಣ್ಣು ಮುಚ್ಚಿದವಳು ನಾನು. ಆ ಚೀಟಿ ಕೆಳಗೆ ಬಂದಾಗ ಇಪ್ಪತ್ತೆರಡು ಕೈ ದಾಟಿತು. ರೇಡಿಯೋ ಅದರದ್ದೂ ಕೆಂಪು ಸಾಲಿನದ್ದೂ ಫೋಟೋ ತೆಗೆದಳು, ನಾನು ಪತ್ರಿಕೆಗೆ ಕಳಿಸಿದೆ.

ಲಾಂಡ್ರಿಯ ಮೇಸ್ತ್ರಿ ಕೂಗಾಡಿದ. ಕೆಲಸದಿಂದ ತೆಗೆಯುತ್ತೇನೆ ಎಂದ. ಒಂದು ಕಟ್ಟು ಚೀಟಿ ಹರಿದು ಹಾಕಿದ. ಆವತ್ತು ಮಧ್ಯಾಹ್ನದ ತನಕ ಬಟ್ಟೆ ಮೇಲೆ ಹೋಗಲಿಲ್ಲ. ಚೀಟಿ ಇಲ್ಲ, ಏನು ಮಾಡೋಣ, ನಿಮ್ಮದೇ ನಿಯಮ ಅಲ್ವಾ ಅಣ್ಣಾ ಎಂದು ಬಾಯ್ಲರಕ್ಕ ಮೆತ್ತಗೆ ಕೇಳಿದಳಂತೆ. ಮೇಲಿನಿಂದ ಡಾಕ್ಟರುಗಳು ಫೋನು ಮಾಡಿ ಬೈದದ್ದು ಮೇಸ್ತ್ರಿಯನ್ನೇ. ಅವನೇ ಹೋಗಿ ಹೊಸ ಚೀಟಿಯ ಕಟ್ಟು ತಂದು ಕೊಟ್ಟ.

ಐದನೆಯ ದಿನ ಸಂಜೆ ಪತ್ರಿಕೆಯೊಂದು ನರ್ಸಿನ ಚೀಟಿಯ ಚಿತ್ರವನ್ನೂ ಹಾಜರಿ ಪುಸ್ತಕದ ಕೆಂಪು ಸಾಲಿನ ಚಿತ್ರವನ್ನೂ ಒಟ್ಟಿಗೆ ಅಚ್ಚು ಹಾಕಿತು. ಮರುದಿನ ಮಧ್ಯಾಹ್ನ, ರೋಲರ್ ನಿಲ್ಲಿಸಿದ ಹತ್ತು ನಿಮಿಷದ ಬಿಡುವಿನಲ್ಲಿ, ರೇಡಿಯೋ ಪುಟವನ್ನು ತಿದ್ದಿದಳು. ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ, ಎಲ್ಲ ಕಲಿಸಿದ ಹಾಗೆ. ನಾಲ್ಕು ನಿಮಿಷ ಆಯಿತು. ಒಂದು ಗಂಟೆ ಆಯಿತು. ಯಾರೂ ಅಳಿಸಲಿಲ್ಲ.

ಆ ಸಂಜೆ ನಾನು ಅಲ್ಲಿದ್ದೆ. ಬಟ್ಟೆಯ ಎಣಿಕೆ ಮುಗಿದಿತ್ತು. ಇಪ್ಪತ್ತೊಂದು ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ರೇಡಿಯೋ ಫೋನನ್ನು ಬಾಯ್ಲರಕ್ಕನ ಮುಂದೆ ಹಿಡಿದಳು. ಅವಳು ಆ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ನಾಲ್ವರು. ಇಬ್ಬರು ಡಾಕ್ಟರು, ಒಬ್ಬ ನರ್ಸು, ಒಬ್ಬ ಲಾಂಡ್ರಿ ಕೆಲಸಗಾರ್ತಿ. ಎರಡು ಸಲ ಓದಿದಳು. ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಇಲ್ಲಿ ಕೂಡ್ತು," ಎಂದಳು. "ಗೋಡೆ ಮೇಲೆ ಕೂಡಿಲ್ಲ."

ಕಬ್ಬಿಣದ ಮೆಟ್ಟಿಲಿನ ಕಡೆ ಯಾರೂ ಹೋಗಲಿಲ್ಲ. ಅಂಗಳ ಸುತ್ತಿ, ಗಾಡಿಗಳು ಬಂದು ನಿಲ್ಲುವ ದಾರಿಯಲ್ಲಿ, ಮುಂಬಾಗಿಲಿಗೆ ನಡೆದೆವು. ಕಾವಲಿನವನು ಎದ್ದು ನಿಂತ. ಇಪ್ಪತ್ತೆರಡು ಹೆಂಗಸರನ್ನು ನೋಡಿದ, ಹಿಂದಿದ್ದ ಮುದುಕಿಯಾದ ನನ್ನನ್ನೂ ನೋಡಿದ. ಆಮೇಲೆ ತನ್ನ ಸ್ಟೂಲನ್ನು ಎತ್ತಿ ಪಕ್ಕಕ್ಕೆ ಇಟ್ಟ. ಅವನು ಮಾಡಬಹುದಾಗಿದ್ದದ್ದು ಅಷ್ಟೇ. ಅಷ್ಟನ್ನು ಮಾಡಿದ.

ಮನೆಗೆ ಹೊರಟಿದ್ದ ಆಸ್ಪತ್ರೆಯ ನಿರ್ದೇಶಕರು ಕಲ್ಲಿನ ಮುಂದೆಯೇ ನಮಗೆ ಎದುರಾದರು. ಏನಿದು, ಯಾರು ಇವರನ್ನು ಈ ಕಡೆ ಬಿಟ್ಟದ್ದು ಎಂದರು. ಬಾಯ್ಲರಕ್ಕ ಚೀಟಿ ಚಾಚಿದಳು.

"ಸಹಿ ಬೇಕು ಸಾರ್. ಈ ಗೋಡೆಯ ಎಣಿಕೇಲಿ ಒಂದು ಕಡಿಮೆ ಇದೆ."

ನಾಳೆ ಕಚೇರಿಗೆ ಬಂದು ಅರ್ಜಿ ಕೊಡಿ ಎಂದರು.

"ಎಣಿಕೆ ಕೂಡೋ ತನಕ ಯಾರೂ ಮನೆಗೆ ಹೋಗೋ ಹಾಗಿಲ್ಲ ಸಾರ್. ನೀವು ಮಾಡಿದ ನಿಯಮ."

ಹೆಂಗಸರು ಒಬ್ಬೊಬ್ಬರಾಗಿ ಕೂತರು. ಬಾಗಿಲಿಗೆ ಅಡ್ಡವಾಗಿ, ಮುಂದಿನ ಮೆಟ್ಟಿಲುಗಳ ಮೇಲೆ, ಅವರ ಕಾಲು ಎಂದೂ ತುಳಿಯದ ಆ ನುಣುಪು ಕಲ್ಲಿನ ಮೇಲೆ. ನಿರ್ದೇಶಕರು ಸುತ್ತ ನೋಡಿದರು. ರೋಗಿಗಳ ಮನೆಯವರು ನಿಂತು ನೋಡುತ್ತಿದ್ದರು. ಕೆಲವರು ಫೋನು ಎತ್ತಿದ್ದರು. ನಿರ್ದೇಶಕರು ಜೇಬು ತಡಕಿದರು. ಪೆನ್ನು ಇಲ್ಲ ಎಂದರು.

ನಾನು ಮುಂದೆ ಹೋಗಿ, ನನ್ನ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ.